ಮಧುಗಿರಿಯ ಹೆಬ್ಬಂಡೆಯು ಆದ ಬಗೆ

ಮಧುಗಿರಿಯ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಬೆಟ್ಟವೆಂದರೆ ಮರಗಿಡಗಳಿಂದ ಮುಚ್ಚಿದ ದಿಣ್ಣೆಯಲ್ಲ. ಬುಡದಿಂದ ನೆತ್ತಿಯವರೆಗೂ ಬೋಳಾಗಿ, ಬೋರಲು ಹಾಕಿದ ಕೊಪ್ಪರಿಗೆಯಂತೆ ನಿಂತಿರುವ ಹೆಬ್ಬಂಡೆ. ಮಧುಗಿರಿಯ ದುರ್ಗವು ಸಮುದ್ರಮಟ್ಟಕ್ಕಿಂತ ಸುಮಾರು ೩,೯೦೦ ಅಡಿ ಎತ್ತರದಲ್ಲಿದೆ. ಮಿಡಿಗೇಶಿ, ಚನ್ನರಾಯನದುರ್ಗ, ಪಾವಗಡಗಳ ಬೆಟ್ಟಗಳೂ ಇದೇ ಕಲ್ಲಿನ ಸೀಮೆಗೆ ಸೇರಿದವು. ಇವುಗಳ ಮೇಲೆ ಕೋಟೆ ಕಟ್ಟಿದ ಪಾಳೆಯಗಾರರ ಕಥೆಯನ್ನೂ, ಅವನ್ನು ಗೆದ್ದ ಅರಸರ ಕಥೆಯನ್ನೂ ನಾವೆಲ್ಲರೂ ಪಾಠಶಾಲೆಯಲ್ಲಿ ಕೇಳಿರುವೆವು. ಆದರೆ ಆ ಕೋಟೆಗಳನ್ನು ಹೊತ್ತಿರುವ ಬಂಡೆಯ ಚರಿತ್ರೆಯನ್ನು ಕೇಳಿದವರು ವಿರಳ. ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಅವರ ತಂದೆತಾಯಿಗಳಿಗೂ ಪ್ರಯೋಜನವಾಗುವಂತೆ ಅದನ್ನು ಸಂಗ್ರಹವಾಗಿ ಇಲ್ಲಿ ನಿರೂಪಿಸುತ್ತೇವೆ.

ಕಲ್ಲು ಬೆಳೆಯುತ್ತದೆಂದು ಹೇಳುವವರುಂಟು. ಭೂಮಿಯು ನಡುಗಿದಾಗ ಬೆಟ್ಟವು ಒಳಗಿನಿಂದ ಮೇಲಕ್ಕೆ ಚಿಮ್ಮಿತೆಂದು ಭಾವಿಸುವವರೂ ಉಂಟು. ಇವೆರಡೂ ನಿಜವಲ್ಲ. ಬೆಟ್ಟವು ಎದ್ದು ನಿಂತುದಲ್ಲ; ಅದರ ಸುತ್ತಲಿದ್ದ ನೆಲವು ಸವೆದು ಕೆಳಗಿಳಿದುದರಿಂದ ಬೆಟ್ಟವು ಉಳಿದುಕೊಂಡಿತು. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದುದೆಲ್ಲವೂ ಸುಲಭವಾಗಿ ತಿಳಿಯುವುದು.

ಮೊದಲು ಕಲ್ಲಿನ ಹುಟ್ಟನ್ನು ನೋಡೋಣ. ರಾಮನಗರದ ಕಡೆಯಿಂದ ಉತ್ತರಾಭಿಮುಖವಾಗಿ ಮಧುಗಿರಿ, ಪಾವಗಡಗಳನ್ನು ಹಾದು ಬಳ್ಳಾರಿಯ ಸೀಮೆಯವರೆಗೆ ಸುಮಾರು ೨೫೦ ಮೈಲಿ ಉದ್ದಕ್ಕೆ ಒಂದು ಗ್ರಾನೈಟ್ ಕಲ್ಲಿನ ಪಟ್ಟೆಯು ಹಬ್ಬಿದೆ; ಅದರ ಅಗಲವು ಹೆಚ್ಚೆಡೆಗಳಲ್ಲಿ ಹನ್ನೆರಡು ಹದಿನೈದು ಮೈಲಿ ಮಾತ್ರ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆಯೆಂಬ ಹೆಸರಿದ್ದುದರಿಂದ ಭೂಗರ್ಭಶಾಸ್ತ್ರಜ್ಞರು ಈ ಕಲ್ಲನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಸುಮಾರು ೨೫೦ ಕೋಟಿ ವರ್ಷಗಳ ಹಿಂದೆ ಇದು ನೆಲದೊಳಗೆ ಮೈಲಿಗಟ್ಟಲೆ ಆಳದಲ್ಲಿ ಕರಗಿದ ಪಾಕವಾಗಿತ್ತು. ಮೇಲಿನ ನೆಲವು ಹೊದಿಕೆಯಂತೆ ಕಾವನ್ನು ಹಿಡಿದಿಟ್ಟುದರಿಂದ ಅದು ಬಹು ನಿಧಾನವಾಗಿ ಆರಿತು. ನಿಧಾನವಾಗಿ ಆರಿದ ಪಾಕದಲ್ಲಿ ಹರಳುಗಳು ದಪ್ಪವಾಗಿ ಕಟ್ಟುವುವು. ನಮ್ಮ ಮನೆಗಳ ಒರಳುಕಲ್ಲನ್ನೋ ಹೊಸ್ತಿಲನ್ನೋ ಹತ್ತಿರದಿಂದ ನೋಡಿದರೆ ಇದು ಕಾಣುವುದು: ಗಾಜಿನಂತೆ ಹೊಳೆಯುವುದು ಬೆಣಚು, ಬಿಳುಪಾಗಿಯೋ ನಸುಗೆಂಪಾಗಿಯೋ ಇರುವುದು ಫೆಲ್ಡ್‌ಸ್ಪಾರ್, ಕರಿಯ ಚುಕ್ಕೆಗಳಂತೆ ಮಿನುಗುವುದು ಕಾಗೆಬಂಗಾರ.

ಅಷ್ಟು ಆಳದಲ್ಲಿದ್ದ ಕಲ್ಲು ಬಯಲಿಗೆ ಬಂದುದು ಹೇಗೆ? ಕೋಟ್ಯಂತರ ವರ್ಷಗಳ ಮಳೆಯೂ ಹೊಳೆಗಳೂ ಮೇಲಿನ ಹೊದಿಕೆಯನ್ನು ಕೊರೆದು ಒಯ್ದುವು. ಈ ಸವೆತವು ಎಲ್ಲೆಡೆಯೂ ಒಂದೇ ಸಮನಾಗಿರಲಿಲ್ಲ; ಅದಕ್ಕೆ ಬಿರುಕುಗಳೇ ಮುಖ್ಯ ಕಾರಣ. ಬಿರುಕಿದ್ದಲ್ಲಿ ನೀರು ಇಳಿಯುವುದು. ಗಾಳಿಯಿಂದಲೂ ಮಣ್ಣಿನಿಂದಲೂ ನೀರು ತುಸು ಹುಳಿಯನ್ನು ಪಡೆದಿರುವುದರಿಂದ ಅದು ಫೆಲ್ಡ್‌ಸ್ಪಾರನ್ನು ಮೆಲ್ಲಮೆಲ್ಲನೆ ಜೇಡಿಯನ್ನಾಗಿ ಮಾರ್ಪಡಿಸುವುದು. ಕಾಗೆಬಂಗಾರದೊಳಗಿನ ಕಬ್ಬಿಣವು ತುಕ್ಕು ಹಿಡಿಯುವುದು. ಬೆಣಚು ಮಾತ್ರ ಕರಗದೆ ಮರಳಾಗಿ ಉದುರುವುದು. ಬಿರುಕುಗಳು ಒತ್ತಾಗಿದ್ದ ಕಡೆಗಳಲ್ಲಿ ಕಲ್ಲು ನೆಲದೊಳಗೇ ಹೀಗೆ ಕೊಳೆತು ಪುಡಿಯಾಯಿತು. ಬಳಿಕ ಮಳೆಯು ಆ ಪುಡಿಯನ್ನು ಕೊಚ್ಚಿಕೊಂಡು ಹೋಯಿತು. ಬಿರುಕುಗಳು ಅಡ್ಡಡ್ಡಲಾಗಿ ಹಾದು ಕಲ್ಲನ್ನು ತುಂಡುತುಂಡಾಗಿ ಕತ್ತರಿಸಿದ್ದಲ್ಲಿ, ತುಂಡುಗಳ ಮೂಲೆಗಳು ಮೊದಲು ಕೊಳೆತು, ಒಳತಿರುಳು ಉರುಟಾದ ಗುಂಡುಗಳಾಗಿ ಉಳಿಯಿತು. ಕೊರಟಗೆರೆಯ ಸಿದ್ದರಬೆಟ್ಟವನ್ನು ಹತ್ತಿದವರು ಅಂಥ ಗುಂಡುಗಳ ರಾಶಿಯನ್ನೂ ಅವುಗಳ ಸಂದಿಯ ಗವಿಯನ್ನೂ ಕಂಡಿರುವರು. ಮಧುಗಿರಿಯ ಬಂಡೆಯಲ್ಲಾದರೋ ಬಿರುಕುಗಳು ಅತಿ ವಿರಳ. ನೀರಿಗೆ ಒಳಹೊಗಲು ದಾರಿ ಸಿಕ್ಕದೆ ಅದು ಇಡಿಯಾಗಿ ಉಳಿಯಿತು. ಎರಡು ಕಡೆಗಳಲ್ಲಿಯೂ ಕಲ್ಲು ಹೆಚ್ಚುಕಡಿಮೆ ಒಂದೇ ಬಗೆಯದು. ಬಿರುಕುಗಳ ಎಣಿಕೆಯೇ ಬೇರೆ.

ಇನ್ನು ಅದರ ಗುಮ್ಮಟದಂಥ ಆಕಾರದ ವಿಷಯ. ಮೇಲೆ ಅಪಾರವಾದ ಭಾರವಿದ್ದಾಗ ಅದುಮಿಕೊಂಡಿದ್ದ ಕಲ್ಲು, ಆ ಭಾರವು ಕಳೆದಂತೆಲ್ಲ ಹೊರಕ್ಕೆ ಹಿಗ್ಗಿ, ತನ್ನ ಮೈಗೆ ಸರಿಸಮನಾಗಿ ಪದರಪದರವಾಗಿ ಬಿಟ್ಟುಕೊಳ್ಳುವುದು. ಭೂಮಿಯೊಳಗಿನ ಅಡ್ಡ ಒತ್ತಡವೂ ಬಾಗಿದ ಮೈಯನ್ನು ಹೊರಕ್ಕೆ ಉಬ್ಬಿಸಿ ಇದಕ್ಕೆ ನೆರವಾಗುವುದು. ಈರುಳ್ಳಿಯ ಸಿಪ್ಪೆಯನ್ನು ಎಷ್ಟು ಸುಲಿದರೂ ಒಳಗೆ ಈರುಳ್ಳಿಯ ಆಕಾರವೇ ಇರುವಂತೆ, ಒಂದು ಪದರವು ಜಾರಿ ಬಿದ್ದರೆ ಕೆಳಗೆ ಮತ್ತೊಂದು ಗುಮ್ಮಟವೇ ಕಾಣುವುದು. ಹಗಲಿನ ಬಿಸಿಲಿಗೆ ಹಿಗ್ಗಿ ಇರುಳಿನ ತಂಪಿಗೆ ಕುಗ್ಗುವುದರಿಂದಲೇ ಬಂಡೆ ಬಿರಿಯುವುದೆಂದು ಹಿಂದೆ ಕಲಿಸುತ್ತಿದ್ದರು. ಬಿಟ್ಟುಕೊಂಡ ಚಕ್ಕೆಯನ್ನು ಬಿಸಿಲು ದಿನದಿನವೂ ತುಸು ಅಲುಗಿಸಿ ಬಿರುಕನ್ನು ಬೆಳೆಸುವುದು ನಿಜವೇ. ಆದರೆ ಅಡಿಗಟ್ಟಲೆ ದಪ್ಪದ ಪದರಗಳ ಆಳಕ್ಕೆ ಒಂದು ಹಗಲಿನ ಕಾವು ಇಳಿಯಲಾರದು.

ಈ ಗುಣವನ್ನು ನಮ್ಮ ಕಲ್ಲುಕುಟಿಗರು ವಿದ್ವಾಂಸರಿಗಿಂತ ಮೊದಲೇ ಬಲ್ಲವರಾಗಿದ್ದರು. ಹಾಸುಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಸಾಲಾಗಿ ಹೊತ್ತಿಸಿ, ಸುತ್ತಿಗೆಯಿಂದ ತಟ್ಟಿ ಸದ್ದನ್ನು ಕೇಳಿ, ಅಡಿಯ ಕಲ್ಲು ಬಿಟ್ಟುಕೊಂಡಿತೆಂದು ತಿಳಿದೊಡನೆ ಬೆಂಕಿಯನ್ನು ಮುಂದಕ್ಕೆ ಸರಿಸುತ್ತ ಅವರು ದೊಡ್ಡ ಚಪ್ಪಡಿಗಳನ್ನು ಎಬ್ಬಿಸುತ್ತಿದ್ದರು. ಬೆಂಗಳೂರಿನ ಬಳಿಯ ಈ ಕೆಲಸವನ್ನು ಕಂಡ ವಾರ್ತ್ ಎಂಬ ವಿದ್ವಾಂಸರು ೧೮೯೫ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದನ್ನು ವರ್ಣಿಸಿದರು. ಸುಮಾರು ೭೪೦ ಚದರ ಅಡಿಯ ಚಪ್ಪಡಿಯೊಂದು ಹೀಗೆ ಎದ್ದಿತೆಂದೂ, ಒಂದು ಪೌಂಡು ಸೌದೆಗೆ ಮೂವತ್ತು ಪೌಂಡು ಕಲ್ಲು ದೊರೆಯಿತೆಂದೂ ಅವರು ಲೆಕ್ಕ ಕೊಟ್ಟಿರುವರು.

ಬೆಟ್ಟವು ಇಂದಿಗೂ ಸವೆಯುತ್ತಲೇ ಇದೆ. ಬಂಡೆಯ ಮೇಲಿನ ಸಣ್ಣ ತಗ್ಗುಗಳಲ್ಲಿ ಮಳೆಯ ನೀರು ನಿಂತು, ಹರಳುಗಳನ್ನು ಸಡಿಲಿಸಿ, ತಗ್ಗನ್ನು ದೊಣೆಯನ್ನಾಗಿ ಮಾಡುವುದು. ನೀರು ಹರಿದಿಳಿಯುವ ಕಡೆಗಳಲ್ಲಿ ಕಾಣುವ ಕರಿಯ ಪಟ್ಟೆಗಳು ಬಹುಮಟ್ಟಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಲೇಪ. ಬೂದಿಬಣ್ಣದ ಕಲ್ಲುಹೂವು ತನ್ನ ನವಿರಾದ ಎಳೆಗಳನ್ನು ಹರಳುಗಳ ಸಂದಿಗೆ ತೂರಿಸಿ ಅವನ್ನು ಬಿಡಿಸುವುದು. ಆದರೂ ನೆತ್ತಿಯಲ್ಲಿ ಬಿದ್ದ ನೀರು ನಿಲ್ಲದೆ ಜಾರಿಹೋಗುವುದರಿಂದ ಬರಿಯ ಬಂಡೆಯು ಬೇಗ ಒಣಗಿ ಬಹುಕಾಲ ಬಾಳುವುದು. ತೇವದ ಮಣ್ಣು ತಾಗಿದ ಬುಡವೇ ಬೇಗ ಕೊಳೆಯುವುದು. ಲೋಕದ ಹಲವೆಡೆಗಳಲ್ಲಿ ಇಂಥ ಬಂಡೆಗಳನ್ನು ಅಳೆದು ನೋಡಿದವರು, ಹತ್ತು ಲಕ್ಷ ವರ್ಷಗಳಿಗೆ ಕೆಲವೇ ಗಜಗಳಷ್ಟು ಸವೆಯುವುವೆಂದು ಕಂಡುಕೊಂಡಿರುವರು.

ಹೀಗೆ ಸವೆದುದು ವ್ಯರ್ಥವಾಗಲಿಲ್ಲ. ಬೆಟ್ಟದ ತಪ್ಪಲಿನ ಹೊಲಗಳ ಮರಳು ಕೂಡಿದ ಕೆಂಪು ಮಣ್ಣು ಇಂಥ ಕಲ್ಲುಗಳು ಕೊಳೆತು ಆದುದೇ. ಜಯಮಂಗಲಿಯ ಮರಳಿನಲ್ಲಿರುವ ಬೆಣಚಿನ ಹರಳುಗಳೂ ಒಂದು ಕಾಲದಲ್ಲಿ ಇಂಥ ಬಂಡೆಗಳೊಳಗೇ ಇದ್ದುವು. ಮಳೆ ಕಡಮೆಯಾದ ಈ ಸೀಮೆಯಲ್ಲಿ ಬೋಳು ಬಂಡೆಯು ತನ್ನ ಮೇಲೆ ಬಿದ್ದ ನೀರನ್ನು ಬಹುಪಾಲು ಹೀರದೆ ಕೆಳಕ್ಕೆ ಹರಿಸುವುದರಿಂದಲೇ ನಮ್ಮ ಹಿರಿಯರು ಬೆಟ್ಟಗಳ ಬುಡದಲ್ಲಿ ಕೆರೆಗಳನ್ನು ಕಟ್ಟಿದರು. ಕೋಟೆಯವರು ಬಂಡೆಯ ಮೇಲೆಯೇ ನೀರನ್ನು ಹಿಡಿದಿಟ್ಟುಕೊಂಡರು.

ಕಲ್ಲನ್ನು ಒಡೆಯಲೇ ಕೂಡದೆಂದು ನಾವು ಹೇಳುವವರಲ್ಲ. ನಮ್ಮ ಮನೆಯ ಮೆಟ್ಟಿಲೂ ಬಾವಿಯ ಕಟ್ಟೆಯೂ ಇದೇ ಕಲ್ಲಿನವು. ಆದರೆ ಹಿಂದೆ ಸೌದೆಯ ಬೆಂಕಿಯಿಂದ ಒಂದು ಪದರವನ್ನು ಎಬ್ಬಿಸುತ್ತಿದ್ದ ಕೈಗಳಿಗೆ ಈಗ ಸಿಡಿಮದ್ದೂ ಯಂತ್ರಗಳೂ ದೊರೆತಿವೆ. ಕೋಟೆಯಾಗಲಿ ಗುಡಿಯಾಗಲಿ ಇಲ್ಲದ ಸಣ್ಣ ಬಂಡೆಗುಡ್ಡಗಳ ಪರವಾಗಿ ಮಾತನಾಡುವವರು ಕಡಮೆ. ಹಾಗೆ ಕರಗಿದ ಗುಡ್ಡಗಳು ನಮ್ಮ ನಾಡಿನಲ್ಲಿ ಹಲವುಂಟು. ಹೊಲವನ್ನು ಉತ್ತರೆ ಮತ್ತೆ ಪೈರು ಬಂದೀತು. ಕಡಿದ ಗುಡ್ಡವು ಮತ್ತೆ ಬೆಳೆಯದು. ಗುಡ್ಡವು ಹೋದಲ್ಲಿ ಅದು ಕೆರೆಗೆ ಹರಿಸುತ್ತಿದ್ದ ನೀರಿನ ದಾರಿಯೂ ಕೆಡುವುದು. ಆದುದರಿಂದ ಊರಿನ ಬಂಡೆಯನ್ನು ಗುತ್ತಿಗೆಗೆ ಕೊಡುವ ಮಾತು ಬಂದಾಗ ಕಲ್ಲಿನ ಬೆಲೆಯೊಡನೆ ಕೆರೆಯ ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಕೇಳುವುದು ತಿಳಿದವರ ಕರ್ತವ್ಯವು. ಓದು ಕಲಿತ ನಮ್ಮ ಹೆಣ್ಣುಮಕ್ಕಳು ಅದನ್ನು ಕೇಳಬಲ್ಲರು. ರಜೆಯ ದಿನಗಳಲ್ಲಿ ಮಕ್ಕಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋದಾಗ ಕೋಟೆಯ ಬಾಗಿಲುಗಳನ್ನು ತೋರಿಸಿದ ಮೇಲೆ, ಬಿಟ್ಟುಕೊಂಡ ಒಂದು ಪದರವನ್ನೂ, ಒಂದು ದೊಣೆಯನ್ನೂ, ಕೆಳಗಿನ ಒಂದು ಕೆರೆಯನ್ನೂ ತೋರಿಸಿ, ಇವು ಮೂರಕ್ಕೂ ಇರುವ ನಂಟನ್ನು ಅವರಿಂದಲೇ ಹೇಳಿಸಬೇಕೆಂದು ಕೋರುತ್ತೇವೆ.