ಸೀಸರನ ಎದುರಿದ್ದ ಎರಡು ಗಡಿಗಳು

ಜೂಲಿಯಸ್ ಸೀಸರನ ಪಾಠ ಹೆಚ್ಚಾಗಿ ಇಸವಿಗಳ ಪಟ್ಟಿಯಾಗಿಬಿಡುತ್ತದೆ: ಕ್ರಿ.ಪೂ. 100ರಲ್ಲಿ ಜನನ, 59ರಲ್ಲಿ ಕಾನ್ಸಲ್, 49ರಲ್ಲಿ ರೂಬಿಕಾನ್, 44ರಲ್ಲಿ ಕೊಲೆ. ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಒಂದು ಸಣ್ಣ ಹೊಳೆ ದಾಟಿದ್ದಕ್ಕೆ ಯುದ್ಧವೇಕೆ ಎಂಬುದಕ್ಕೆ ಆ ಪಟ್ಟಿಯಲ್ಲಿ ಉತ್ತರವಿಲ್ಲ. ವಿಜ್ಞಾನ ಓದಿ ಬಂದ ನಾನು ಈ ಪಾಠಯೋಜನೆಗೆ ಪ್ರಯೋಗಾಲಯದ ಕ್ರಮವನ್ನೇ ಬಳಸಿದೆ: ಒಂದು ಅಂಶವನ್ನು ಸ್ಥಿರವಾಗಿಟ್ಟು, ಬದಲಾದದ್ದೇನು ಎಂದು ನೋಡುವುದು.

ಇಲ್ಲಿ ಸ್ಥಿರವಾಗಿರುವುದು ರೋಮ್ ಗಣರಾಜ್ಯದ ಒಂದು ತತ್ವ. ಸೇನಾಧಿಕಾರ ಹೊತ್ತವನು ಗೊತ್ತಾದ ಗಡಿಯ ಒಳಗೆ ಬರಬೇಕಾದರೆ ಆ ಅಧಿಕಾರವನ್ನು ಹೊರಗೇ ಬಿಡಬೇಕು.

ಮೊದಲ ತಿರುವು ಕ್ರಿ.ಪೂ. 60. ಸ್ಪೇನ್‌ನಲ್ಲಿ ಗೆದ್ದು ಬಂದ ಸೀಸರನಿಗೆ ವಿಜಯೋತ್ಸವದ ಮೆರವಣಿಗೆ ಬೇಕಿತ್ತು. ಅದಕ್ಕಾಗಿ ನಗರದ ಗಡಿಯ ಹೊರಗೆ ಕಾಯಬೇಕು. ಕಾನ್ಸಲ್ ಹುದ್ದೆಯ ಚುನಾವಣೆಗೆ ನಿಲ್ಲಬೇಕಾದರೆ ಖುದ್ದಾಗಿ ಒಳಗೆ ಬರಬೇಕು. ವಿನಾಯಿತಿ ಕೇಳಿದಾಗ ವಿರೋಧಿ ಕೇಟೋ ಇಡೀ ದಿನ ಮಾತನಾಡಿ ಸೆನೆಟ್‌ನ ಸಮಯ ಕಳೆದ. ಸೀಸರ್ ಮೆರವಣಿಗೆಯನ್ನು ಬಿಟ್ಟು ಒಳಗೆ ನಡೆದ. ಪಾಂಪೆ ಮತ್ತು ಕ್ರಾಸಸ್ ಜೊತೆ ಒಪ್ಪಂದ ಮಾಡಿಕೊಂಡು 59ರಲ್ಲಿ ಕಾನ್ಸಲ್ ಆದ. ಅಂದು ನಿಯಮವೇ ಗೆದ್ದಿತು.

ಎರಡನೆಯ ತಿರುವು ಕ್ರಿ.ಪೂ. 49ರ ಜನವರಿ. ಸೈನ್ಯವನ್ನು ಬಿಟ್ಟುಕೊಡು ಎಂದು ಸೆನೆಟ್ ಆಜ್ಞಾಪಿಸಿತು. ಅವನ ಪ್ರಾಂತ್ಯಕ್ಕೂ ಇಟಲಿಗೂ ನಡುವಿನ ಗಡಿ ರೂಬಿಕಾನ್ ಹೊಳೆ. ಈ ಸಲ ಅವನು ಒಂದು ಲೀಜನ್ ಪಡೆಯೊಂದಿಗೆ ಅದನ್ನು ದಾಟಿದ. ಅಂತರ್ಯುದ್ಧ ಆರಂಭವಾಯಿತು.

ನಡುವೆ ಬದಲಾದದ್ದೇನು? ಪಾಂಪೆಯನ್ನು ಮದುವೆಯಾಗಿದ್ದ ಸೀಸರನ ಮಗಳು ಜೂಲಿಯಾ 54ರಲ್ಲಿ ತೀರಿಕೊಂಡಳು. 53ರಲ್ಲಿ ಕ್ರಾಸಸ್ ಪಾರ್ಥಿಯನ್ನರೊಡನೆ ಹೋರಾಡಿ ಸತ್ತ. ಮೂವರ ಒಪ್ಪಂದ ಮುರಿಯಿತು; ಪಾಂಪೆ ಸೆನೆಟ್‌ನ ಪಕ್ಷಕ್ಕೆ ಸರಿದ. ಅಧಿಕಾರ ಬಿಟ್ಟರೆ ಮೊಕದ್ದಮೆ ಹೂಡಲು ವಿರೋಧಿಗಳು ಕಾದಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, 58ರಿಂದ ಗಾಲ್‌ನಲ್ಲಿ ಅವನೊಡನೆ ಹೋರಾಡಿದ ಸೈನಿಕರು ಲೂಟಿಯ ಪಾಲಿಗೂ ನಿವೃತ್ತಿಯ ಭೂಮಿಗೂ ರಾಜ್ಯದತ್ತ ನೋಡುತ್ತಿರಲಿಲ್ಲ, ಸೇನಾಪತಿಯತ್ತ ನೋಡುತ್ತಿದ್ದರು.

ಪಾಠದ ನಡುವೆ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ಸೈನಿಕರು ನಾವು ಬರೋದಿಲ್ಲ ಅಂದಿದ್ದರೆ?" ನಾನು ಸಿದ್ಧಪಡಿಸಿದ್ದ ಎಲ್ಲ ಪ್ರಶ್ನೆಗಳಿಗಿಂತ ಇದು ಆಳವಾಗಿತ್ತು. ಅವರು ಹೆಜ್ಜೆ ಇಡದಿದ್ದರೆ ಸೀಸರ್ ಒಬ್ಬಂಟಿ. ನಿಯಮವನ್ನು ಕಾಯುವವರೂ ಮುರಿಯುವವರೂ ನಾಯಕರಷ್ಟೇ ಅಲ್ಲ ಎಂದು ತರಗತಿಯೇ ಕಂಡುಕೊಂಡಿತು.

ಮುಂದಿನದು ಇದರ ಪರಿಣಾಮ. ಸೀಸರನ ಆಳ್ವಿಕೆ ಒಳ್ಳೆಯದನ್ನೂ ಕೊಟ್ಟಿತು: 45ರಿಂದ ಜಾರಿಗೆ ಬಂದ 365¼ ದಿನಗಳ ಪಂಚಾಂಗ ಇಂದಿನ ಕ್ಯಾಲೆಂಡರಿನ ಅಡಿಪಾಯ. ಆದರೆ ತುರ್ತು ಕಾಲಕ್ಕೆಂದು, ಆರು ತಿಂಗಳ ಮಿತಿಯೊಳಗೆ ಕೊಡುತ್ತಿದ್ದ ಸರ್ವಾಧಿಕಾರವನ್ನು 44ರಲ್ಲಿ ಅವನು ಜೀವನಪರ್ಯಂತ ಪಡೆದ. ಅದೇ ಮಾರ್ಚ್ 15ರಂದು ಸೆನೆಟರುಗಳು ಅವನನ್ನು ಇರಿದು ಕೊಂದರು. ಗಣರಾಜ್ಯವೇನೂ ಮರಳಲಿಲ್ಲ, ಅವನ ದತ್ತುಪುತ್ರ ಆಕ್ಟೇವಿಯನ್ 27ರಲ್ಲಿ ಆಗಸ್ಟಸ್ ಎಂಬ ಬಿರುದು ಪಡೆದು ಮೊದಲ ಚಕ್ರವರ್ತಿಯಾದ.

ಈ ಪಾಠವನ್ನು ಬೋಧಿಸಲಿರುವ ಪ್ರಶಿಕ್ಷಣಾರ್ಥಿ ಮಿತ್ರರಿಗೆ ಒಂದು ಸಲಹೆ: ಕಪ್ಪುಹಲಗೆಯ ಮೇಲೆ 60 ಮತ್ತು 49 ಎಂಬ ಎರಡು ಕಾಲಂ ಹಾಕಿ, ವ್ಯತ್ಯಾಸಗಳನ್ನು ಮಕ್ಕಳಿಂದಲೇ ಬರೆಸಿ. ಇಸವಿಗಳು ತಾವಾಗಿಯೇ ನೆನಪಿನಲ್ಲಿ ನಿಲ್ಲುತ್ತವೆ.