ಹೂವಿಲ್ಲದಾಗ ಕಣಗಿಲೆ ಗುರುತಿಸುವುದು ಹೇಗೆ?

ನಮ್ಮ ಬಯಲುಸೀಮೆಯಲ್ಲಿ ಕಣಗಿಲೆ ಅಂತ ಹೆಸರಿರುವ ಗಿಡಗಳು ಕಡಿಮೆ ಎಂದರೂ ನಾಲ್ಕಿವೆ. ದೇವರ ಪೂಜೆಗೆ ಕೀಳುವ ಕೆಂಪು, ಬಿಳಿ ಹೂವಿನ ಕಣಗಿಲೆ ಒಂದು. ಗಂಟೆಯಂಥ ಹಳದಿ ಹೂ ಬಿಡುವುದು ಹಳದಿ ಕಣಗಿಲೆ. ಗುಡಿ ಮುಂದೆ ಬೆಳೆಸುವ, ಕೆಲವರು ಹಾಲುಸಂಪಿಗೆ ಅನ್ನುವ ಮರ ದೇವಕಣಗಿಲೆ. ಅಂಗಳದಲ್ಲಿ ತಾನಾಗಿ ಹುಟ್ಟಿ ವರ್ಷಪೂರ್ತಿ ಹೂ ಬಿಡುವ ಸಣ್ಣ ಗಿಡ ಕಾಶಿಕಣಗಿಲೆ. ಹೂ ಇದ್ದಾಗ ಇವನ್ನು ಶಾಲೆ ಹುಡುಗರೂ ಗುರುತಿಸುತ್ತಾರೆ. ಹೂ ಇಲ್ಲದಾಗ, ಅದಕ್ಕಿಂತ ಹೆಚ್ಚಾಗಿ ಯಾರೋ ಕಡಿದು ರಾಶಿ ಹಾಕಿ ಹೋದಾಗ, ಯಾವುದು ಯಾವುದು ಅಂತ ತಿಳಿಯುವುದಿಲ್ಲ. ಕುರಿ ಮೇಕೆ ಸಾಯುವುದು ಆವಾಗಲೇ.

ಹೆದ್ದಾರಿಗಳು ನಾಲ್ಕು ಪಥ ಆದ ಮೇಲೆ ಎರಡು ರಸ್ತೆ ನಡುವಿನ ಜಾಗದಲ್ಲಿ ಕಣಗಿಲೆ, ಹಳದಿ ಕಣಗಿಲೆ ಸಾಲಾಗಿ ಬೆಳೆಸಿದ್ದಾರೆ. ನೆಟ್ಟವರ ಲೆಕ್ಕಾಚಾರ ಸರಿಯಾಗೇ ಇದೆ. ಮಳೆ ಕೈಕೊಟ್ಟರೂ ಗಿಡ ಒಣಗುವುದಿಲ್ಲ, ಎದುರು ಗಾಡಿಯ ದೀಪ ಕಣ್ಣಿಗೆ ಹೊಡೆಯುವುದಿಲ್ಲ, ದನ ಬಾಯಿ ಹಾಕುವುದಿಲ್ಲ. ದನ ಯಾಕೆ ಬಾಯಿ ಹಾಕುವುದಿಲ್ಲ ಅಂದರೆ ಎಲೆ ಕಹಿ, ವಿಷ. ಅದರ ವಿಷ ನೇರ ಹೃದಯಕ್ಕೆ ಹೋಗುತ್ತದೆ. ಹಸಿ ಗಿಡ ಬೇಲಿಯಲ್ಲಿ ನಿಂತಿರುವಷ್ಟು ದಿನ ತೊಂದರೆ ಕಡಿಮೆ. ಮೇಕೆ ಮೂಸಿ ನೋಡಿ ಮುಂದೆ ಹೋಗುತ್ತದೆ. ಕತ್ತರಿಸಿ ಹಾಕಿ ಬಾಡಿದ ಮೇಲೆ ಕಹಿ ಕಡಿಮೆ ಆಗುತ್ತದೆ, ವಿಷ ಮಾತ್ರ ಹಾಗೇ ಉಳಿಯುತ್ತದೆ. ಒಣಗಿ ತರಗು ಆದರೂ ಉಳಿಯುತ್ತದೆ.

ಎರಡು ವರ್ಷದ ಕೆಳಗೆ ಬೇಸಿಗೆಯಲ್ಲಿ ಪಕ್ಕದ ಊರಿನವರೊಬ್ಬರು ರಸ್ತೆ ಬದಿ ಬಿದ್ದಿದ್ದ ಇಂಥ ಸೊಪ್ಪು ಹೊರೆ ಕಟ್ಟಿಕೊಂಡು ಬಂದು ಮೇಕೆ ಮುಂದೆ ಹಾಕಿದರು. ಮೇವಿಗೆ ಪರದಾಡುವ ಕಾಲ, ಬಿಟ್ಟಿ ಸಿಕ್ಕ ಸೊಪ್ಪು ಯಾರು ಬಿಡುತ್ತಾರೆ? ಬೆಳಗಾಗುವುದರೊಳಗೆ ಮೂರು ಮೇಕೆ ಹೋದವು. ನಾನು ಹೋಗಿ ನೋಡಿದಾಗ ಅವರು ಅಂದದ್ದು ಒಂದೇ ಮಾತು: "ಹೂವೇ ಇರ್ಲಿಲ್ವಲ್ಲಣ್ಣ, ಹೆಂಗ್ ಗೊತ್ತಾಗ್ಬೇಕು?" ಅವರ ಪ್ರಶ್ನೆ ಸರಿಯಾಗಿದೆ. ಹೂ ಇಲ್ಲದೆ ಗುರುತು ಹಿಡಿಯುವುದನ್ನು ನಮಗೆ ಯಾರೂ ಹೇಳಿಕೊಡುವುದಿಲ್ಲ. ಆದರೆ ಅದು ಕಷ್ಟದ ವಿದ್ಯೆ ಏನಲ್ಲ. ಎಲೆ ಹೇಗೆ ಕೂತಿದೆ, ಮುರಿದರೆ ಹಾಲು ಬರುತ್ತದಾ, ಕಾಯಿ ಹೇಗಿದೆ, ಇಷ್ಟು ನೋಡಿದರೆ ಸಾಕು.

ಎಲೆ ಎಣಿಸಿ

ಮೊದಲು ಎಲೆ ಕೂತಿರುವ ಗಿಣ್ಣು ನೋಡಬೇಕು. ಬೇವು, ಹುಣಸೆ, ಹೊಂಗೆಯಲ್ಲಿ ಒಂದು ಗಿಣ್ಣಿಗೆ ಒಂದೇ ಎಲೆ. ಒಂದು ಈ ಕಡೆ, ಮುಂದಿನದು ಆ ಕಡೆ. ದಾಸವಾಳವೂ ಹಾಗೇ. ಎಕ್ಕದ ಗಿಡದಲ್ಲಿ ಒಂದು ಗಿಣ್ಣಿಗೆ ಎರಡು ಎಲೆ, ಎದುರುಬದುರು. ಕಣಗಿಲೆಯಲ್ಲಿ ಒಂದು ಗಿಣ್ಣಿನ ಸುತ್ತ ಮೂರು ಎಲೆ. ಕಡ್ಡಿಯನ್ನು ಮೇಲಿನಿಂದ ನೋಡಿದರೆ ಫ್ಯಾನಿನ ಮೂರು ರೆಕ್ಕೆ ಇದ್ದ ಹಾಗೆ ಕಾಣುತ್ತದೆ. ನಮ್ಮ ಬೇಲಿ, ಅಂಗಳದ ಗಿಡಗಳಲ್ಲಿ ಹೀಗೆ ಮೂರೆಲೆ ಸುತ್ತು ಬರುವುದು ಬಹಳ ಕಡಿಮೆ. ಹಾಗಾಗಿ ಇದು ಒಳ್ಳೆಯ ಗುರುತು.

ಒಂದು ಎಚ್ಚರ ಬೇಕು. ಕೆಲವು ಗಿಣ್ಣಿನಲ್ಲಿ ಎರಡೇ ಇರಬಹುದು, ನಾಲ್ಕೂ ಇರಬಹುದು. ಒಂದೇ ಗಿಣ್ಣು ನೋಡಿ ತೀರ್ಮಾನ ಮಾಡಬೇಡಿ, ಒಂದೇ ಕಡ್ಡಿಯಲ್ಲಿ ನಾಲ್ಕೈದು ಗಿಣ್ಣು ನೋಡಿ.

ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿದಿದ್ದರೂ ಪರವಾಗಿಲ್ಲ. ಎಲೆ ಬಿದ್ದ ಜಾಗದಲ್ಲಿ ಗಾಯದ ಗುರುತು ಇರುತ್ತದೆ. ಒಂದೇ ಮಟ್ಟದಲ್ಲಿ ಸುತ್ತ ಮೂರು ಗುರುತು ಇದ್ದರೆ ಕಣಗಿಲೆ ಅಂತ ಅನುಮಾನ ಪಡಿ.

ಇನ್ನು ಎಲೆ ನೋಡಿ. ಒಂದು ಗೇಣಿಗೆ ಸ್ವಲ್ಪ ಕಡಿಮೆ ಉದ್ದ, ಹೆಬ್ಬೆರಳು ಅಗಲ, ಎರಡೂ ತುದಿ ಚೂಪು. ಮುಟ್ಟಿದರೆ ಚಕ್ಕಳದ ಹಾಗೆ ದಪ್ಪ. ಮೇಲೆ ಕಡು ಹಸಿರು, ಕೆಳಗೆ ತಿಳಿ ಹಸಿರು. ನಡುವಿನ ನರ ದಪ್ಪಗೆ, ಬಿಳಿಚಾಗಿ ಎದ್ದು ಕಾಣುತ್ತದೆ. ಎಲೆಯನ್ನು ಬಿಸಿಲಿಗೆ ಹಿಡಿದರೆ ಆ ನಡುನರದಿಂದ ಎರಡೂ ಕಡೆಗೆ ಸಣ್ಣ ನರಗಳು ಬಾಚಣಿಗೆ ಹಲ್ಲಿನ ಹಾಗೆ ಒತ್ತೊತ್ತಾಗಿ, ನೆಟ್ಟಗೆ ಅಂಚಿನವರೆಗೆ ಹೋಗಿರುವುದು ಕಾಣುತ್ತದೆ. ಅಗಲ ಕಡಿಮೆ ಇರುವ ಬೇರೆ ಎಲೆಗಳಿಂದ ಇದನ್ನು ಬೇರೆ ಮಾಡಲು ಈ ಬಾಚಣಿಗೆ ನರ ಸಾಕು. ಉದಾಹರಣೆಗೆ ನೀಲಗಿರಿ ಎಲೆಯೂ ಉದ್ದ, ಆದರೆ ಕುಡುಗೋಲಿನ ಹಾಗೆ ಬಾಗಿರುತ್ತದೆ, ಹಿಸುಕಿದರೆ ಮೂಗಿಗೆ ಹೊಡೆಯುವ ವಾಸನೆ. ಗುಡ್ಡದ ಬಂದರಿಕೆ ಎಲೆಯೂ ಉದ್ದ, ಆದರೆ ಒಂಟೊಂಟಿ, ಕೈಗೆ ಅಂಟುತ್ತದೆ, ಕಾಯಿಗೆ ಕಾಗದದಂಥ ರೆಕ್ಕೆ ಇರುತ್ತದೆ.

ಕಣಗಿಲೆ ಒಂದೇ ಕಾಂಡದ ಮರ ಆಗುವುದು ಕಡಿಮೆ. ಬುಡದಿಂದಲೇ ಹತ್ತಾರು ಕೊಂಬೆ ಎದ್ದು ಪೊದೆ ಕಟ್ಟುತ್ತದೆ. ಕಾಯಿ ಕಟ್ಟಿದರೆ ಜೋಡಿ ಕೋಡು, ಒಂದು ಗೇಣು ಉದ್ದ. ಒಣಗಿ ಸೀಳಿದಾಗ ಒಳಗಿನ ಬೀಜಕ್ಕೆ ಕಂದು ಜುಟ್ಟು. ಹೂವಿಗೆಂದೇ ಬೆಳೆಸುವ ಸುತ್ತುಹೂವಿನ ಜಾತಿಯಲ್ಲಿ ಕಾಯಿ ಕಾಣುವುದು ಅಪರೂಪ, ಅದನ್ನು ನಂಬಿ ಕೂರಬೇಡಿ.

ಹಳದಿ ಕಣಗಿಲೆ

ಇದರ ಎಲೆ ಇನ್ನೂ ಸಣ್ಣ ಅಗಲ, ಕಿರುಬೆರಳಿಗಿಂತ ಕಡಿಮೆ. ಎಣ್ಣೆ ಸವರಿದ ಹಾಗೆ ಮಿಂಚುತ್ತದೆ. ಮೂರು ಮೂರು ಸುತ್ತು ಇಲ್ಲ. ಒಂಟಿ ಎಲೆಗಳು ಕೊಂಬೆಯ ಸುತ್ತ ಮೆಟ್ಟಿಲು ಹತ್ತಿದ ಹಾಗೆ ತಿರುಗಿಕೊಂಡು ಹೋಗಿ ತುದಿಯಲ್ಲಿ ಗುಂಪು ಕಟ್ಟುತ್ತವೆ. ನಡುನರ ಬಿಟ್ಟರೆ ಬೇರೆ ನರ ಕಣ್ಣಿಗೆ ಕಾಣುವುದಿಲ್ಲ ಅಂದರೂ ಸರಿ. ಎಲೆ ಮುರಿದರೆ ಬಿಳಿ ಹಾಲು ತೊಟ್ಟಿಕ್ಕುತ್ತದೆ. ಪೂಜೆಯ ಕಣಗಿಲೆ ಮುರಿದರೆ ಇಷ್ಟು ಹಾಲು ಕಾಣುವುದಿಲ್ಲ, ಅಂಟು ನೀರಿನಂಥ ರಸ ಅಷ್ಟೇ. ಹಾಲು ನೋಡುವುದಾದರೆ ಬೆಳಗಿನ ಹೊತ್ತು ನೋಡಿ, ಬಿಸಿಲೇರಿದ ಮೇಲೆ ಕಡಿಮೆ ಆಗುತ್ತದೆ. ನೋಡಿದ ಮೇಲೆ ಕೈ ತೊಳೆಯಿರಿ, ಆ ಕೈ ಕಣ್ಣಿಗೆ ಮುಟ್ಟಿಸಬೇಡಿ.

ಹಾಲು ಬಂದದ್ದೆಲ್ಲ ವಿಷ ಅಂತ ತಿಳಿಯುವುದೂ ತಪ್ಪು. ಆಲ, ಅತ್ತಿ, ಹಲಸಿನ ಸೊಪ್ಪಿನಲ್ಲೂ ಹಾಲಿದೆ, ಮೇಕೆಗೆ ಅದು ಹಬ್ಬದೂಟ. ಹಾಲನ್ನು ಎಲೆಯ ಗುರುತಿನ ಜೊತೆ ಸೇರಿಸಿ ನೋಡಬೇಕು.

ಹಳದಿ ಕಣಗಿಲೆಯಲ್ಲಿ ಎಲೆಗಿಂತ ಹೆಚ್ಚು ಭಯ ಕಾಯಿಯದು. ಹಸಿರು ಕಾಯಿ, ಮೂಲೆ ಮೂಲೆಯಾಗಿ ಪೆಟ್ಟಿಗೆಯ ಹಾಗೆ ಇರುತ್ತದೆ, ಹಣ್ಣಾದಾಗ ಕಪ್ಪು. ಒಳಗೆ ಒಂದೇ ಗಟ್ಟಿ ಓಟೆ, ಮುಮ್ಮೂಲೆ ಆಕಾರ. ಈ ಓಟೆಯನ್ನು ಮಕ್ಕಳು ಆಡಲು ಇಟ್ಟುಕೊಳ್ಳುತ್ತಾರೆ, ಕಲ್ಲಿನಿಂದ ಜಜ್ಜುತ್ತಾರೆ. ಒಳಗಿನ ಬೀಜ ಗಿಡದಲ್ಲೆಲ್ಲ ಅತಿ ವಿಷದ ಭಾಗ. ಶಾಲೆ, ಅಂಗನವಾಡಿ ಕಾಂಪೌಂಡಿಗೆ ಈ ಗಿಡ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ನೆರಳಿಗೆ ಹೊಂಗೆ ಇದೆ, ಬೇವಿದೆ.

ದೇವಕಣಗಿಲೆ ಮತ್ತು ಕಾಶಿಕಣಗಿಲೆ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ದೇವಕಣಗಿಲೆಯ ಕೊಂಬೆ ದಪ್ಪ, ಮೆತ್ತಗೆ, ಜಿಂಕೆ ಕೊಂಬಿನ ಹಾಗೆ ಕವಲು. ಅಗಲ ಎಲೆ ತುದಿಯಲ್ಲಿ ಮಾತ್ರ. ಬೇಸಿಗೆಗೆ ಬೋಳಾಗಿ ನಿಲ್ಲುತ್ತದೆ. ಹಾಲು ಧಾರಾಳ. ಕಾಶಿಕಣಗಿಲೆ ಮೊಣಕಾಲುದ್ದದ ಗಿಡ, ಎದುರುಬದುರು ಜೋಡಿ ಎಲೆ, ಎಲೆಯ ತುದಿ ಗುಂಡು. ಇದರ ಎಲೆಯಿಂದ ಕ್ಯಾನ್ಸರಿಗೆ ಔಷಧಿ ತೆಗೆಯುತ್ತಾರೆ. ಹಾಗಂತ ಮನೆಯಲ್ಲಿ ಕಷಾಯ ಮಾಡಿ ಕುಡಿಯುವ ವಸ್ತು ಅಲ್ಲ, ದನಕ್ಕೂ ಒಳ್ಳೆಯದಲ್ಲ.

ಅರಳಿ ಅಂದರೆ ಯಾವುದು?

2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ತಮ್ಮ ದೇವಸ್ಥಾನಗಳ ನೈವೇದ್ಯ, ಪ್ರಸಾದದಲ್ಲಿ "ಅರಳಿ" ಹೂ ಬಳಸಬಾರದು ಎಂದು ತೀರ್ಮಾನ ಮಾಡಿದವು. ಈ ಸುದ್ದಿ ಕೇಳಿ ನಮ್ಮೂರ ಕಟ್ಟೆ ಮೇಲೆ ದೊಡ್ಡ ಚರ್ಚೆ ಆಯಿತು. ಅರಳಿಮರ ವಿಷ ಆಗಿದ್ದು ಯಾವಾಗ? ನಾವು ಕೂತಿದ್ದೇ ಅರಳಿಕಟ್ಟೆ! ವಿಷಯ ಏನೆಂದರೆ ಮಲಯಾಳದಲ್ಲಿ, ತಮಿಳಿನಲ್ಲಿ ಅರಳಿ ಅಂದರೆ ನಮ್ಮ ಕಣಗಿಲೆ. ನಮ್ಮ ಅರಳಿ ಅಶ್ವತ್ಥ. ಗಡಿ ದಾಟಿದರೆ ಹೆಸರು ಹೀಗೆ ಅದಲುಬದಲು. ಗಡಿ ಯಾಕೆ, ಒಂದೇ ತಾಲ್ಲೂಕಿನ ಎರಡು ಹೋಬಳಿಯಲ್ಲಿ ಒಂದೇ ಗಿಡಕ್ಕೆ ಬೇರೆ ಹೆಸರು ಇರುತ್ತದೆ. "ಇದಕ್ಕೇನಂತಾರೆ?" ಅಂತ ಕೇಳಿಕೊಂಡು ಸೊಪ್ಪು ತರುವುದಕ್ಕಿಂತ ಗಿಣ್ಣು ಎಣಿಸಿ ತರುವುದು ಮೇಲು.

ಹರಳಿನಲ್ಲೂ ಇದೇ ಕತೆ

ಎಣ್ಣೆ ತೆಗೆಯುವ ಹರಳು ಬೇರೆ, ಬೇಲಿಗೆ ಹಾಕುವ ಕಾಡುಹರಳು ಬೇರೆ. 2003ರ ನಂತರ ಡೀಸೆಲ್ ಗಿಡ ಅಂತ ಊರೂರಿಗೆ ಹಂಚಿದ್ದು ಈ ಕಾಡುಹರಳನ್ನೇ. ಡೀಸೆಲ್ ಬರಲಿಲ್ಲ, ಗಿಡ ಬೇಲಿಯಲ್ಲಿ ಉಳಿಯಿತು. ಹರಳಿನ ಎಲೆ ಅಂಗೈ ಬಿಡಿಸಿದ ಹಾಗೆ ಆಳವಾಗಿ ಸೀಳಿರುತ್ತದೆ, ಅಂಚಿಗೆ ಗರಗಸದ ಹಲ್ಲು, ತೊಟ್ಟು ಎಲೆಯ ಹೊಟ್ಟೆಯೊಳಗೆ ಛತ್ರಿಯ ಕೋಲಿನ ಹಾಗೆ ಸೇರಿರುತ್ತದೆ. ಕಾಡುಹರಳಿನ ಎಲೆಗೆ ಸೀಳು ಹೆಚ್ಚಿಲ್ಲ, ಅಂಚು ನುಣುಪು, ತೊಟ್ಟು ಎಲೆಯ ಅಂಚಿನಲ್ಲೇ ಕೂಡುತ್ತದೆ. ಹರಳಿನ ಕಾಯಿಗೆ ಸಾಮಾನ್ಯವಾಗಿ ಮೆತ್ತನೆ ಮುಳ್ಳು, ಬೀಜಕ್ಕೆ ಚುಕ್ಕೆ. ಕಾಡುಹರಳಿನ ಕಾಯಿ ನುಣ್ಣಗೆ, ಬೀಜ ಬರೀ ಕಪ್ಪು, ಬಾಯಿಗೆ ಕಡಲೆಬೀಜದ ರುಚಿ. ಆ ರುಚಿಗೇ ಶಾಲೆ ಮಕ್ಕಳು ತಿಂದು ವಾಂತಿ ಭೇದಿಯಾಗಿ ಆಸ್ಪತ್ರೆ ಸೇರಿದ ಸುದ್ದಿ ಆಗಾಗ ಓದುತ್ತೇವೆ. ಎರಡರ ಬೀಜವೂ ವಿಷ. ಮಕ್ಕಳನ್ನು ಹೆದರಿಸುವ ಬದಲು ಬೇಲಿ ಹತ್ತಿರ ಕರೆದುಕೊಂಡು ಹೋಗಿ ಎಲೆ, ಕಾಯಿ ತೋರಿಸಿ. ಒಂದು ಸಲ ಕಣ್ಣಾರೆ ನೋಡಿದ್ದನ್ನು ಅವರು ಮರೆಯುವುದಿಲ್ಲ.

ತಿಂದುಬಿಟ್ಟರೆ

ಕಣಗಿಲೆ ತಿಂದ ಮೇಕೆ, ದನ ಮೇವು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ಭೇದಿ ಆಗಬಹುದು, ಎದೆಬಡಿತ ತಾಳ ತಪ್ಪುತ್ತದೆ. ಕೆಲವು ಸಲ ಇದ್ಯಾವುದೂ ಕಾಣದೆ ಸತ್ತು ಬಿದ್ದಿರುತ್ತದೆ. ಮಜ್ಜಿಗೆ, ಎಣ್ಣೆ, ಸುಣ್ಣದ ನೀರು ಅಂತ ಗೊಟ್ಟ ಹಿಡಿಯುತ್ತಾ ಹೊತ್ತು ಕಳೆಯಬೇಡಿ. ಉಳಿದ ಮೇವು ತಕ್ಷಣ ಎಳೆದುಹಾಕಿ, ಪಶುವೈದ್ಯರಿಗೆ ಹೇಳಿ ಕಳಿಸಿ, ಇಲ್ಲವೆ 1962ಕ್ಕೆ ಫೋನ್ ಮಾಡಿ. ತಿಂದ ಸೊಪ್ಪಿನ ಒಂದು ಕಡ್ಡಿ ಎಲೆ ಸಮೇತ ತೆಗೆದಿಟ್ಟಿರಿ. ಡಾಕ್ಟರಿಗೆ ಅದೇ ಅರ್ಧ ಕೆಲಸ. ಮನುಷ್ಯರಾದರೆ ಕಡ್ಡಿಯ ಜೊತೆಗೇ ದೊಡ್ಡ ಆಸ್ಪತ್ರೆಗೆ ಓಡಬೇಕು.

ಕಣಗಿಲೆ ಬೆಳೆಸಲೇಬಾರದು ಅಂತ ನಾನು ಹೇಳುವುದಿಲ್ಲ. ನಮ್ಮ ಮನೆ ಮುಂದೆಯೂ ಒಂದು ಬಿಳಿ ಕಣಗಿಲೆ ಇದೆ, ಸೋಮವಾರದ ಪೂಜೆಗೆ ಬೇಕು. ಆದರೆ ಕೊಟ್ಟಿಗೆ, ದನ ನೀರು ಕುಡಿಯುವ ತೊಟ್ಟಿಯ ಹತ್ತಿರ ಬೇಡ. ಎಲೆ, ಹೂ ಬಿದ್ದು ನೆನೆದ ನೀರೂ ಕೆಟ್ಟದ್ದು. ಸವರಿದ ಕೊಂಬೆಗಳನ್ನು ಅಂದೇ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಸುಡುವುದೂ ಬೇಡ, ಹೊಗೆ ಒಳ್ಳೆಯದಲ್ಲ, ಸೌದೆಗಂತೂ ಬಳಸಲೇಬೇಡಿ. ಇನ್ನೊಂದು, ಪೂಜೆ ಮುಗಿದ ಹಾರವನ್ನು ಹಸುವಿನ ಮುಂದೆ ಹಾಕುವ ಅಭ್ಯಾಸ ಹಲವರಿಗಿದೆ. ಪೇಟೆಯಿಂದ ತಂದ ಹಾರದಲ್ಲಿ ಸೇವಂತಿಗೆ, ಚೆಂಡುಹೂವಿನ ನಡುವೆ ಕಣಗಿಲೆ ಪೋಣಿಸಿರುತ್ತಾರೆ. ಬಿಚ್ಚಿ ನೋಡಿ, ಆಮೇಲೆ ಹಾಕಿ.