ನೊರೆಗೆ ಹೆದರದವರು

ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿರುವ ಅಕ್ಕನ ಮಗ ಮನೆಯಲ್ಲೇ ಬಿಯರ್ ಮಾಡುತ್ತಾನೆಂದು ಮೊದಲೇ ಗೊತ್ತಿತ್ತು. ಶನಿವಾರ ಬೆಳಿಗ್ಗೆ ‘ಮಾವ, ಇವತ್ತು ಬಿಯರ್ ಹಾಕ್ತೀನಿ, ಗ್ಯಾರೇಜಿಗೆ ಬನ್ನಿ’ ಎಂದಾಗ ಕುದಿಯುವ ಹಂಡೆ, ಮಾಲ್ಟಿನ ಪರಿಮಳ, ಹಾಪ್ಸ್ ಹೂವಿನ ಘಾಟು ಎಲ್ಲವನ್ನೂ ನೆನೆದುಕೊಂಡೇ ಹೋದೆ. ಊಟದ ಹೊತ್ತಿನವರೆಗೆ ಕಂಡದ್ದು ಪಾತ್ರೆ ತೊಳೆಯುವ ಕೆಲಸ. ಊಟವಾದ ಮೇಲೆ ಒಲೆ ಹಚ್ಚಿದ. ಸಂಜೆ ಮತ್ತೆ ಪಾತ್ರೆ ತೊಳೆದ. ಊರಲ್ಲಿದ್ದಾಗ ತಿಂದ ತಟ್ಟೆಯನ್ನು ಸಿಂಕಿಗೆ ಹಾಕಲೂ ಬೇಸರಪಡುತ್ತಿದ್ದ ಹುಡುಗ ಇವನೇನಾ ಅನ್ನಿಸಿತು.

ಬಿಯರ್ ಹುಳಿಯಲು ಇಡುವ ಪ್ಲಾಸ್ಟಿಕ್ ಬಕೆಟ್ಟಿನ ಬುಡದಲ್ಲಿ ಒಂದು ಸಣ್ಣ ನಲ್ಲಿ ಇರುತ್ತದೆ. ಹೊರಗಿನಿಂದ ಫಳಫಳ ಹೊಳೆಯುತ್ತಿದ್ದ ಅದನ್ನು ಅವನು ಬಿಚ್ಚಿ, ಬಿಸಿನೀರಿನಲ್ಲಿ ನೆನೆಸಿ, ಒಳಗಿನ ತಿರುಗುವ ತುಂಡನ್ನು ಹೆಬ್ಬೆರಳಿನಿಂದ ಒತ್ತಿ ಈಚೆಗೆ ತೆಗೆದ. ಅದರ ಸುತ್ತ ಕಂದು ಬಣ್ಣದ ತೆಳ್ಳನೆಯ ಅಂಟು. ಉಗುರಿನಲ್ಲಿ ಕೆರೆದು ನನ್ನ ಮೂಗಿನ ಹತ್ತಿರ ಹಿಡಿದ. ಹಳೆಯ ಮಜ್ಜಿಗೆಯ ವಾಸನೆ. ‘ಇಷ್ಟು ಸಾಕು ಮಾವ, ಇಪ್ಪತ್ತು ಲೀಟರ್ ಕೆಡಿಸೋಕೆ’ ಎಂದ. ನಲ್ಲಿಯ ಒಳಗೆ ಇನ್ನೊಂದು ಲೋಕವಿದೆ ಎಂದು ಆವತ್ತೇ ಗೊತ್ತಾದದ್ದು. ಊರಿಗೆ ಬಂದ ಮೇಲೂ ಫಿಲ್ಟರಿನ ನಲ್ಲಿ ಕಂಡರೆ ಬಿಚ್ಚಿ ನೋಡುವ ಚಪಲ ಹೋಗಿಲ್ಲ.

ಮನೆಯ ಬಿಯರ್ ಎಂದ ಕೂಡಲೇ ಎಲ್ಲರೂ ಮಾಲ್ಟು, ಹಾಪ್ಸ್, ಯೀಸ್ಟಿನ ಮಾತಿಗೆ ಇಳಿಯುತ್ತಾರೆ. ಆ ಸರಕು ಅಂಗಡಿಯಲ್ಲಿ ಸಿಗುತ್ತದೆ. ಪೋರ್ಟ್‌ಲ್ಯಾಂಡಿನಲ್ಲಂತೂ 1918ರಲ್ಲೇ ಶುರುವಾದ ಎಫ್. ಎಚ್. ಸ್ಟೈನ್‌ಬಾರ್ಟ್ ಎಂಬ ಅಂಗಡಿಯ ಹೆಸರು ಈ ಹವ್ಯಾಸದವರ ಬಾಯಲ್ಲಿ ಸದಾ ಇರುತ್ತದೆ. ಬಿಯರಿನ ಹಣೆಬರಹ ನಿರ್ಧಾರವಾಗುವುದು ಮಾತ್ರ ತೊಳೆಯುವ ಜಾಗದಲ್ಲಿ. ಅಲ್ಲಿಯೂ ಕೆಲಸ ಎರಡು: ಮೊದಲು ಕೊಳೆ ತೆಗೆಯುವುದು, ಆಮೇಲೆ ಕ್ರಿಮಿ ಕೊಲ್ಲುವುದು. ಹೆಚ್ಚಿನವರು ಎರಡನೆಯದಕ್ಕೆ ದುಡ್ಡು ಸುರಿದು ಮೊದಲನೆಯದರಲ್ಲಿ ಸೋಮಾರಿತನ ಮಾಡುತ್ತಾರೆ. ಎಂಥ ದುಬಾರಿ ಕ್ರಿಮಿನಾಶಕ ತಂದರೂ ಅಂಟಿನ ಪದರದ ಮೇಲೆ ಹರಿದುಹೋಗುತ್ತದೆಯೇ ಹೊರತು ಕೆಳಗೆ ಅಡಗಿದ ಬ್ಯಾಕ್ಟೀರಿಯಾವನ್ನು ಮುಟ್ಟುವುದಿಲ್ಲ. ಕೊಳೆ ಇದ್ದಲ್ಲಿ ಔಷಧಿ ದಂಡ.

ಕೊಳೆ ತೆಗೆಯಲು ಅಕ್ಕನ ಮಗ ಬಳಸುವುದು ಪಿಬಿಡಬ್ಲ್ಯು ಎಂಬ ಬಿಳಿ ಪುಡಿ. ಅದರಲ್ಲಿರುವ ಮುಖ್ಯ ಸರಕು ಸೋಡಿಯಂ ಪರ್ಕಾರ್ಬೊನೇಟ್ ಮತ್ತು ಸೋಡಿಯಂ ಮೆಟಾಸಿಲಿಕೇಟ್. ಮೊದಲನೆಯದು ಬಿಸಿನೀರಿಗೆ ಬಿದ್ದೊಡನೆ ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತದೆ. ಅದು ಒಣಗಿದ ಯೀಸ್ಟು, ಹಾಪ್ಸ್ ಅಂಟು, ಪ್ರೋಟೀನಿನ ಪದರವನ್ನು ಸಡಿಲಿಸುತ್ತದೆ. ರಾತ್ರಿ ನೆನೆಹಾಕಿದರೆ ಹಳೆಯ ಬಾಟಲಿಯ ಲೇಬಲ್ ಬೆಳಿಗ್ಗೆ ತಾನಾಗಿ ತೇಲುತ್ತಿರುತ್ತದೆ. ಉಜ್ಜುವುದು ಮೆತ್ತನೆಯ ಸ್ಪಂಜಿನಲ್ಲಿ ಮಾತ್ರ. ಸ್ಟೀಲ್ ಜುಂಗು ಹಿಡಿದು ಪ್ಲಾಸ್ಟಿಕ್ಕನ್ನು ತಿಕ್ಕಿದರೆ ಗೀರು ಬೀಳುತ್ತದೆ, ಗೀರಿನೊಳಗೆ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ. ಗೀರು ಬಿದ್ದ ಬಕೆಟ್ಟನ್ನು ಅವನು ಗಿಡಗಳಿಗೆ ನೀರು ಹಾಕಲು ಇಟ್ಟುಕೊಂಡಿದ್ದ.

ಕ್ಷಾರಕ್ಕೆ ಜಗ್ಗದ ಕೊಳೆಯೂ ಒಂದಿದೆ. ಮಾಲ್ಟಿನಲ್ಲಿರುವ ಆಕ್ಸಲೇಟು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಸ್ಟೀಲಿನ ಮೇಲೆ ತಿಳಿಹಳದಿ ಬಣ್ಣದ ಗಡುಸು ಪದರ ಕಟ್ಟುತ್ತದೆ. ಇದಕ್ಕೆ ಬಿಯರ್ ಸ್ಟೋನ್ ಎನ್ನುತ್ತಾರೆ, ಬಿಡಿಸಲು ಆಮ್ಲವೇ ಬೇಕು. ಇನ್ನು, ಒಂದು ಗಂಟೆ ಕೊತಕೊತ ಕುದಿಯುವ ಹಂಡೆಗೆ ಕ್ರಿಮಿನಾಶಕ ಬೇಡವೇ ಬೇಡ. ಭಯವೆಲ್ಲ ಶುರುವಾಗುವುದು ಒಲೆ ಆರಿಸಿ, ಮಾಲ್ಟಿನ ಸಿಹಿ ರಸ ತಣ್ಣಗಾದ ಮೇಲೆ. ಅಲ್ಲಿಂದ ಮುಂದೆ ಅದಕ್ಕೆ ತಾಗುವ ಕೊಳವೆ, ಮುಚ್ಚಳ, ಸೌಟು, ಯೀಸ್ಟಿನ ಪ್ಯಾಕೆಟ್ ಕತ್ತರಿಸುವ ಕತ್ತರಿ ಎಲ್ಲವೂ ಮಡಿಯಲ್ಲಿರಬೇಕು.

ಆ ಮಡಿಯನ್ನು ಕಾಯುವುದು ನೊರೆ. ಸ್ಟಾರ್ ಸ್ಯಾನ್ ಎಂಬ ದ್ರಾವಣವನ್ನು 19 ಲೀಟರ್ ನೀರಿಗೆ 30 ಮಿಲಿಲೀಟರಿನಂತೆ ಬೆರೆಸಿ, ಬಕೆಟ್ಟಿಗೆ ಸುರಿದು ಅಲ್ಲಾಡಿಸಿದ. ನೊರೆ ಉಕ್ಕಿ ಅಂಚು ಮೀರಿ ನೆಲಕ್ಕೆ ಇಳಿಯಿತು. ಒಂದೆರಡು ನಿಮಿಷ ಬಿಟ್ಟು ನೀರನ್ನು ಚೆಲ್ಲಿದ. ಬಕೆಟ್ಟಿನೊಳಗೆ ಗೇಣುದ್ದ ನೊರೆ ಹಾಗೇ ಉಳಿದಿತ್ತು. ಅದರ ಮೇಲೆಯೇ ರಸವನ್ನು ಸುರಿಯತೊಡಗಿದ. ‘ಏನೋ ಇದು, ತೊಳೆಯೋದಿಲ್ವಾ?’ ಎಂದು ಕೂಗಿಯೇಬಿಟ್ಟೆ. ‘ತೊಳೆದ್ರೆ ಮಾಡಿದ್ದೆಲ್ಲ ವ್ಯರ್ಥ. ನೊರೆಗೆ ಹೆದರಬೇಡಿ ಮಾವ’ ಎಂದ. ಅದು ಅವನ ಸ್ವಂತ ಮಾತಲ್ಲವಂತೆ; ಅಮೆರಿಕದ ಮನೆ-ಬ್ರೂಯರುಗಳೆಲ್ಲ ಹೊಸಬರಿಗೆ ಹೇಳಿಕೊಡುವ ಮೊದಲ ಮಂತ್ರ.

ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬಾಟಲಿಯ ಮೇಲಿನ ಚೀಟಿ ಓದಿದೆ. ಕೊಲೊರಾಡೊದ ಫೈವ್ ಸ್ಟಾರ್ ಕೆಮಿಕಲ್ಸ್ ತಯಾರಿಸುವ ಈ ದ್ರಾವಣದಲ್ಲಿ ಕೆಲಸ ಮಾಡುವುದು ಎರಡು ಆಮ್ಲ. ಒಂದು ಫಾಸ್ಫಾರಿಕ್ ಆಮ್ಲ, ಕೋಲಾಗಳಿಗೆ ಚುರುಕು ಹುಳಿ ಕೊಡುವುದು ಇದೇ. ಇನ್ನೊಂದು ಡೋಡೆಸೈಲ್ ಬೆಂಜೀನ್ ಸಲ್ಫೋನಿಕ್ ಆಮ್ಲ. ಹೆಸರು ಕೇಳಿದರೆ ಎದೆ ನಡುಗುತ್ತದೆ, ಆದರೆ ಇದರ ಸೋಡಿಯಂ ಲವಣವೇ ನಮ್ಮ ಬಟ್ಟೆ ಒಗೆಯುವ ಪುಡಿಗಳಲ್ಲಿ ನೊರೆ ಎಬ್ಬಿಸುವುದು. ಅಂದರೆ ಕೋಲಾದ ಹುಳಿಯೂ ಸೋಪಿನ ಪುಡಿಯ ನೊರೆಯೂ ಕೂಡಿಕೊಂಡು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಹರಿಯುತ್ತವೆ. ನೊರೆಯಿಂದ ಇನ್ನೊಂದು ಉಪಯೋಗವೂ ಇದೆ: ನೀರು ನಿಲ್ಲದ ಸಂದುಗೊಂದಿನಲ್ಲಿ, ಮುಚ್ಚಳದ ಸುರುಳಿಯಲ್ಲಿ ಅದು ಮೆತ್ತಿಕೊಂಡು ಕೂತು ಬೇಕಾದಷ್ಟು ಹೊತ್ತು ತೇವ ಹಿಡಿದಿಡುತ್ತದೆ.

ಇಷ್ಟಕ್ಕೆಲ್ಲ ಷರತ್ತು ಒಂದೇ, ಹುಳಿ. ದ್ರಾವಣದ ಪಿಎಚ್ 3ರ ಆಸುಪಾಸು ಇರುವವರೆಗೆ ಅದು ಕೊಲ್ಲುತ್ತದೆ. ಇಪ್ಪತ್ತು ಲೀಟರ್ ರಸದೊಳಗೆ ಉಳಿದ ನೊರೆ ಕರಗಿದರೆ ಆ ಹುಳಿ ಚದುರಿಹೋಗುತ್ತದೆ, ಕೊಲ್ಲುವ ಶಕ್ತಿಯೂ ಹೋಗುತ್ತದೆ, ಉಳಿದ ಚೂರು ಫಾಸ್ಫೇಟು ಯೀಸ್ಟಿಗೆ ಆಹಾರ. ನೀರು ಗಡಸಾಗಿದ್ದರೆ ಮಾತ್ರ ಹುಳಿ ಬೇಗ ಸಾಯುತ್ತದೆ, ದ್ರಾವಣ ಹಾಲುಹಾಲಾಗುತ್ತದೆ. ಪೋರ್ಟ್‌ಲ್ಯಾಂಡಿನ ಬುಲ್ ರನ್ ಕಣಿವೆಯ ನೀರು ಬಲು ಮೆದು. ಅವನ ಸ್ಪ್ರೇ ಬಾಟಲಿಯೊಳಗಿನ ದ್ರಾವಣ ತಿಳಿಯಾಗಿಯೇ ಇತ್ತು. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಬೆರೆಸಿದರೆ ಹಾಲುಹಾಲಾಗಲು ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕುತ್ತಾ ಮಲಗಿದೆ. ಬೆಳಿಗ್ಗೆ ಎದ್ದು ಗ್ಯಾರೇಜಿನ ನೆಲ ನೋಡಿದೆ: ಬೆರೆಸದ ದ್ರಾವಣ ಹಿಂದೆ ಎಂದೋ ಚೆಲ್ಲಿದ ಕಡೆಯೆಲ್ಲ ಸಿಮೆಂಟು ಬೆಳ್ಳಗೆ ತಿಂದುಹೋಗಿತ್ತು. ನೊರೆಗೆ ಹೆದರಬೇಕಿಲ್ಲ ಎಂಬುದನ್ನು ಒಪ್ಪಿದೆ, ಬಾಟಲಿಗೆ ಮಾತ್ರ ಹೆದರುವುದೇ ಒಳ್ಳೆಯದು.

ಪಿಎಚ್ ಎಂಬ ಅಳತೆಯೂ ಬಿಯರಿನವರದೇ ಕೊಡುಗೆ. 1909ರಲ್ಲಿ ಅದನ್ನು ರೂಪಿಸಿದ ಸೋರನ್ ಸೋರೆನ್ಸನ್ ಕೆಲಸ ಮಾಡುತ್ತಿದ್ದುದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ಅದೇ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ 1883ರಲ್ಲಿ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದ್ದ. ಅದಕ್ಕೂ ಮುಂಚೆ, 1871ರಲ್ಲಿ ಲಂಡನ್ನಿನ ವಿಟ್‌ಬ್ರೆಡ್ ಬ್ರೂವರಿಗೆ ಹೋಗಿದ್ದ ಲೂಯಿ ಪಾಶ್ಚರ್ ಅಲ್ಲಿನ ಯೀಸ್ಟನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಕೆಡಿಸುವ ಜೀವಿಗಳನ್ನು ಕಣ್ಣಾರೆ ತೋರಿಸಿದ್ದ. ವಾರ ಕಳೆಯುವುದರೊಳಗೆ ಆತ ಮತ್ತೆ ಹೋದಾಗ ಬ್ರೂವರಿಯವರು ಸ್ವಂತಕ್ಕೊಂದು ಸೂಕ್ಷ್ಮದರ್ಶಕ ಕೊಂಡಾಗಿತ್ತು. ಬಿಯರಿನ ಕುರಿತ ಆತನ ಗ್ರಂಥ ಬಂದದ್ದು 1876ರಲ್ಲಿ. ಅಮೆರಿಕದ ಮನೆಗಳಿಗೆ ಈ ವಿದ್ಯೆ ಕಾನೂನಿನ ಒಪ್ಪಿಗೆಯೊಂದಿಗೆ ಬಂದದ್ದು ತಡವಾಗಿ. 1933ರಲ್ಲಿ ಪಾನನಿಷೇಧ ತೆಗೆದರೂ ಮನೆಯ ಬಿಯರಿಗೆ ಬಿಡುಗಡೆ ಸಿಗಲಿಲ್ಲ. 1978ರ ಅಕ್ಟೋಬರಿನಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ, ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ತನಕ ತೆರಿಗೆಯಿಲ್ಲದೆ ಮಾಡಿಕೊಳ್ಳಲು ಅನುಮತಿ ಸಿಕ್ಕಿತು. ಕೊನೆಗೆ ಒಪ್ಪಿದ ರಾಜ್ಯಗಳಾದ ಮಿಸಿಸಿಪ್ಪಿ ಮತ್ತು ಅಲಬಾಮಾ 2013ರವರೆಗೆ ಕಾದವು.

ಇಷ್ಟೆಲ್ಲ ತೊಳೆದರೂ ಬಕೆಟ್ಟು ಆಪರೇಷನ್ ಥಿಯೇಟರಿನಷ್ಟು ನಿರ್ಜೀವಿಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಹಾಪ್ಸ್, ಮದ್ಯಸಾರ, ಹುಳಿ ಮೂರೂ ಸೇರಿರುವ ಬಿಯರಿನಲ್ಲಿ ಮನುಷ್ಯರಿಗೆ ರೋಗ ತರುವ ಕ್ರಿಮಿಗಳು ಸಾಮಾನ್ಯವಾಗಿ ಬೆಳೆಯುವುದಿಲ್ಲ. ಇಲ್ಲಿ ಜಗಳವೆಲ್ಲ ರುಚಿಯದು. ದೋಸೆ ಹಿಟ್ಟನ್ನು ಹುಳಿಸುವ ಲ್ಯಾಕ್ಟೋಬ್ಯಾಸಿಲಸ್ ಬಳಗ ಬಿಯರಿಗೆ ಹೊಕ್ಕರೆ ಅದನ್ನೂ ಹುಳಿಸುತ್ತದೆ, ಪೀಡಿಯೋಕಾಕಸ್ ಬಂದರೆ ಬೆಣ್ಣೆಯ ಜಿಡ್ಡು ವಾಸನೆ. ಸಕ್ಕರೆಯನ್ನು ಮೊದಲು ಯಾರು ತಿನ್ನುತ್ತಾರೆ ಎಂಬುದಷ್ಟೇ ಪ್ರಶ್ನೆ. ಹದವಾದ ಇಪ್ಪತ್ತು ಲೀಟರ್ ಏಲ್ ಬಿಯರಿಗೆ ಬ್ರೂಯರುಗಳು ಲೆಕ್ಕ ಹಾಕಿ ಇಳಿಸುವುದು ಸುಮಾರು 18,000 ಕೋಟಿ ಯೀಸ್ಟ್ ಕೋಶ. ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಉಪಾಯ ಇದು: ಉಳಿದವರು ಬಾಗಿಲಲ್ಲಿ ನೂಕಾಡುತ್ತಿರುವಾಗಲೇ ನಮ್ಮವರು ಕೂತಾಗಿರಬೇಕು. ತೊಳೆಯುವುದೆಂದರೆ ಬಾಗಿಲಲ್ಲಿ ನೂಕಾಡುವವರ ಸಂಖ್ಯೆ ಕಡಿಮೆ ಮಾಡುವುದು, ಅಷ್ಟೇ.

ನಾರ್ವೆಯ ಪಶ್ಚಿಮ ಭಾಗದ ಹಳ್ಳಿಗರಿಗೆ ಸ್ಟಾರ್ ಸ್ಯಾನ್ ಇರಲಿಲ್ಲ. ಜೂನಿಪರ್ ಗಿಡದ ಕೊಂಬೆಗಳನ್ನು ಬಿಸಿನೀರಿನಲ್ಲಿ ನೆನೆಸಿದ ಕಷಾಯದಲ್ಲೇ ಮರದ ತೊಟ್ಟಿಗಳನ್ನು ತೊಳೆಯುತ್ತಿದ್ದರು, ಅದೇ ಕಷಾಯದಲ್ಲಿ ಬಿಯರನ್ನೂ ಮಾಡುತ್ತಿದ್ದರು. ಕ್ವೈಕ್ ಎಂಬ ಮನೆತನದ ಯೀಸ್ಟನ್ನು ಒಣಗಿಸಿಟ್ಟು ತಲೆಮಾರುಗಳವರೆಗೆ ಬಳಸಿದರು. ಇದನ್ನು ಎತ್ತಿ ತೋರಿಸಿ ‘ರಾಸಾಯನಿಕವೇ ಬೇಡ’ ಎನ್ನುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಕ್ವೈಕ್ 35ರಿಂದ 40 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ದಾಪುಗಾಲಿಡುವ ಯೀಸ್ಟ್. ಬಿಯರ್ ಕೆಲವೇ ದಿನಗಳಲ್ಲಿ ತಯಾರಾಗಿ, ಬೇಗನೆ ಖಾಲಿಯೂ ಆಗುತ್ತಿತ್ತು. ಕೆಡಿಸುವವರಿಗೆ ಪುರಸೊತ್ತೇ ಸಿಗುತ್ತಿರಲಿಲ್ಲ. ಅದೇ ಮರದ ತೊಟ್ಟಿಯಲ್ಲಿ ಆರು ವಾರ ಇಡುವ ಲಾಗರ್ ಮಾಡಿ ನೋಡಲಿ.

ನಮ್ಮಲ್ಲಿ ಇದೇ ತತ್ವ ತಲೆಕೆಳಗಾಗಿ ನಡೆಯುತ್ತದೆ. ನೀರಾ ಇಳಿಸುವವರು ಮಡಕೆಯ ಒಳಮೈಗೆ ಸುಣ್ಣ ಬಳಿಯುವುದು ರಸ ಹುಳಿಯದಿರಲೆಂದು. ಅಮೆರಿಕದವನು ಆಮ್ಲದಿಂದ ಮಾಡುವುದನ್ನು ನಮ್ಮವರು ಕ್ಷಾರದಿಂದ ಮಾಡುತ್ತಾರೆ. ಸುಣ್ಣವಿಲ್ಲದ ಹಳೆಯ ಮಡಕೆ ಕಟ್ಟಿದರೆ, ಅದರ ಮೈಯಲ್ಲಿ ಉಳಿದ ಯೀಸ್ಟೇ ಹೆಪ್ಪಾಗಿ ಅದೇ ರಸ ಹೊತ್ತೇರುವಷ್ಟರಲ್ಲಿ ಕಳ್ಳು.

ಅಗ್ಗವೆಂದು ಬ್ಲೀಚ್ ಹಿಡಿಯುವವರೂ ಇದ್ದಾರೆ. ಅದು ಕ್ರಿಮಿಯನ್ನು ಕೊಲ್ಲುತ್ತದೆ, ಸಂಶಯವಿಲ್ಲ. ಆದರೆ ಉಳಿದ ಕ್ಲೋರಿನ್ ಮಾಲ್ಟಿನ ಫೀನಾಲುಗಳ ಜೊತೆ ಸೇರಿದರೆ ಗಾಯದ ಪಟ್ಟಿಯ ವಾಸನೆ ಹುಟ್ಟುತ್ತದೆ. ನೂರು ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ನಾಲಿಗೆಗೆ ತಿಳಿಯುತ್ತದೆ. ನಲ್ಲಿ ನೀರಿಗೆ ಕ್ಲೋರಮೀನ್ ಹಾಕುವ ಪೋರ್ಟ್‌ಲ್ಯಾಂಡಿನಂಥ ಊರುಗಳಲ್ಲಿ ಬ್ರೂಯರುಗಳು ಇಪ್ಪತ್ತು ಲೀಟರಿಗೆ ಕ್ಯಾಂಪ್‌ಡೆನ್ ಎಂಬ ಕ್ಲೋರಿನ್ ಕಳೆಯುವ ಗುಳಿಗೆಯ ಕಾಲು ಭಾಗ ಪುಡಿಮಾಡಿ ಹಾಕುವುದು ಇದೇ ಭಯಕ್ಕೆ. ಬ್ಲೀಚಿಗೆ ಯಾವ ಆಮ್ಲವನ್ನೂ, ಮನೆಯ ವಿನೆಗರನ್ನು ಸಹ, ಎಂದೂ ಬೆರೆಸಬಾರದು, ಏಳುವುದು ವಿಷಗಾಳಿ.

ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು 1965ರ ಅಬಕಾರಿ ಕಾಯ್ದೆಯಡಿ ಅಪರಾಧ. ಆದ್ದರಿಂದ ಈ ವಿದ್ಯೆಯನ್ನು ಇಲ್ಲಿ ಪ್ರಯೋಗಿಸಬೇಕಾದ್ದು ಗಿರಾಕಿಯಾಗಿಯೇ. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಹೊಳೆಯುವ ತಾಮ್ರದ ಹಂಡೆಗಳನ್ನು ಗಾಜಿನ ಹಿಂದೆ ನಿಲ್ಲಿಸಿರುತ್ತಾರೆ, ಫೋಟೋಕ್ಕೆ ಚೆಂದ. ನೋಡಬೇಕಾದದ್ದು ಗ್ಲಾಸನ್ನು. ಕುಡಿದಂತೆಲ್ಲ ನೊರೆ ಒಳಮೈಯಲ್ಲಿ ಗೆರೆಗೆರೆಯಾಗಿ ಉಳಿದರೆ ಗ್ಲಾಸು ಚೊಕ್ಕಟ. ಗುಳ್ಳೆಗಳು ಗೋಡೆಗೆ ಅಂಟಿಕೊಂಡು ಕೂತಿದ್ದರೆ ಜಿಡ್ಡು. ಹುಳಿಯಾಗಬಾರದ ಬಿಯರು ಹುಳಿಯಾಗಿದ್ದರೆ, ಬೆಣ್ಣೆ ಬೆಣ್ಣೆ ಎನಿಸಿದರೆ, ಅನುಮಾನ ಬಿಯರು ಗ್ಲಾಸಿಗೆ ಹರಿದು ಬರುವ ಪೈಪಿನ ಮೇಲೆ. ಅಮೆರಿಕದ ಬ್ರೂಯರುಗಳ ಸಂಘ ಆ ಪೈಪುಗಳನ್ನು ಎರಡು ವಾರಕ್ಕೊಮ್ಮೆ ಕಾಸ್ಟಿಕ್ ದ್ರಾವಣದಲ್ಲಿ, ಮೂರು ತಿಂಗಳಿಗೊಮ್ಮೆ ಆಮ್ಲದಲ್ಲಿ ತೊಳೆಯಬೇಕೆನ್ನುತ್ತದೆ. ಮುಂದಿನ ಸಲ ಹೋದಾಗ ಬಡಿಸುವವರನ್ನು ಕರೆದು, ಪೈಪು ಕೊನೆಯ ಸಲ ತೊಳೆದದ್ದು ಯಾವಾಗ ಎಂದು ಕೇಳಿ. ತಾರೀಖು ಹೇಳಿದರೆ ಇನ್ನೊಂದು ಗ್ಲಾಸ್ ತರಿಸಿ. ‘ಸರ್, ಮಾವಿನಹಣ್ಣಿನ ಹೊಸ ಬಿಯರ್ ಬಂದಿದೆ’ ಎಂದರೆ ಬಿಲ್ ತರಿಸಿ.